ಬೆಟ್ಟ ಹತ್ತಿ ಓದುವ ಇತಿಹಾಸ: ದೇಶ ಬಿಟ್ಟು ಓಡಿದವರ ದಾರಿಯಲ್ಲಿ ಯುರೋಪಿನ ವಿದ್ಯಾರ್ಥಿಗಳು

ಯುರೋಪಿನಲ್ಲಿ ಓದುವ ಕನ್ನಡದ ಹುಡುಗ ಹುಡುಗಿಯರು ಈಗ ಕಡಿಮೆಯೇನಿಲ್ಲ. ಬರ್ಲಿನ್, ಮ್ಯೂನಿಕ್, ಬಾರ್ಸಿಲೋನಾ ಕಡೆ ಮನೆ ಮಾಡಿಕೊಂಡಿರುವ ಕುಟುಂಬಗಳೂ ಇವೆ. ಅಲ್ಲಿನ ಶಾಲೆ ಕಾಲೇಜುಗಳಿಂದ ಒಮ್ಮೊಮ್ಮೆ ಬರುವ ಪ್ರವಾಸದ ಸುತ್ತೋಲೆ ನೋಡಿದರೆ ಊರಿನಲ್ಲಿರುವ ಅಜ್ಜ ಅಜ್ಜಿಗೆ ಗೊಂದಲ ಆಗುವುದು ಸಹಜ. ವಿಷಯ ಇತಿಹಾಸ. ತರಬೇಕಾದದ್ದು ಮಾತ್ರ ಬೆಟ್ಟ ಹತ್ತುವ ಬೂಟು, ಎರಡು ಲೀಟರ್ ನೀರು, ಮಳೆ ಅಂಗಿ, ಟೋಪಿ. ಇತಿಹಾಸದ ಪಾಠಕ್ಕೂ ಟ್ರೆಕ್ಕಿಂಗಿಗೂ ಏನು ಸಂಬಂಧ ಅಂತ ಯಾರಾದರೂ ಕೇಳುತ್ತಾರೆ ಅಲ್ವಾ?

ಸಂಬಂಧ ಇದೆ. ಯುರೋಪಿನ ಇತಿಹಾಸದಲ್ಲಿ ಜನ ಜೀವ ಉಳಿಸಿಕೊಳ್ಳಲು ದೇಶ ಬಿಟ್ಟು ಓಡಿದ ಸಂದರ್ಭಗಳು ಬಹಳ. ಅವರಲ್ಲಿ ಎಷ್ಟೋ ಮಂದಿ ಓಡಿದ್ದು ಕಾಲ್ನಡಿಗೆಯಲ್ಲಿ, ಬೆಟ್ಟದ ಕಾಲುದಾರಿಗಳಲ್ಲಿ. ಆ ದಾರಿಗಳು ಇನ್ನೂ ಇವೆ. ಕೆಲವಕ್ಕೆ ಬಣ್ಣದ ಗುರುತು ಹಾಕಿ, ಫಲಕ ನೆಟ್ಟು, ಯಾರು ಬೇಕಾದರೂ ನಡೆಯುವ ಹಾಗೆ ಮಾಡಿದ್ದಾರೆ. ಶಿಕ್ಷಕರು ಮಕ್ಕಳನ್ನು ಆ ದಾರಿಯಲ್ಲೇ ನಡೆಸಿ ಪಾಠ ಮಾಡುತ್ತಾರೆ.

ಹೀಗೆ ನಡೆದರೆ ನಿಜವಾಗಿ ಏನು ಕಲಿಯಬಹುದು? ಇದನ್ನು ತಿಳಿಯಲು ಒಂದೇ ಒಂದು ಬೆಟ್ಟವನ್ನು ಸರಿಯಾಗಿ ನೋಡೋಣ. ಫ್ರಾನ್ಸ್ ಮತ್ತು ಸ್ಪೇನ್ ನಡುವಿನ ಪಿರೆನೀಸ್ ಪರ್ವತಸಾಲು ಪೂರ್ವದಲ್ಲಿ ಮೆಡಿಟರೇನಿಯನ್ ಸಮುದ್ರಕ್ಕೆ ಇಳಿಯುವ ಜಾಗ ಅದು. ಫ್ರಾನ್ಸಿನ ಕಡೆ ಬನ್ಯೂಲ್ಸ್ ಎಂಬ ಊರು, ಸ್ಪೇನಿನ ಕಡೆ ಪೋರ್ಟ್‌ಬೌ ಎಂಬ ಊರು. ನಡುವೆ ಸುಮಾರು 15 ಕಿಲೋಮೀಟರ್ ಕಾಲುದಾರಿ.

ಮೊದಲು ದಾರಿ ಹೇಗಿದೆ ನೋಡೋಣ

ಬನ್ಯೂಲ್ಸ್ ಸಮುದ್ರದ ದಡದಲ್ಲಿದೆ. ಊರು ದಾಟಿದ ಕೂಡಲೇ ದ್ರಾಕ್ಷಿ ತೋಟ ಶುರು. ಗುಡ್ಡದ ಇಳಿಜಾರನ್ನು ಕಡಿದು, ಕಲ್ಲಿನ ಗೋಡೆ ಕಟ್ಟಿ, ಮೆಟ್ಟಿಲು ಮೆಟ್ಟಿಲಾಗಿ ಮಾಡಿದ ತೋಟ. ಕಾಲಡಿಯ ಕಲ್ಲು ಹಾಳೆ ಹಾಳೆಯಾಗಿ ಒಡೆಯುವ ಜಾತಿಯದ್ದು. ಹತ್ತುವಾಗ ಅಷ್ಟು ತೊಂದರೆ ಇಲ್ಲ, ಇಳಿಯುವಾಗ ಜಾರುತ್ತದೆ. ತೋಟ ಮುಗಿದ ಮೇಲೆ ಕುರುಚಲು ಗಿಡ, ಮುಳ್ಳು. ದಾರಿಯಲ್ಲಿ ನೆರಳು ಕಡಿಮೆ.

ಗಡಿಯ ಏಣು, ಅಂದರೆ ಬೆಟ್ಟದ ನೆತ್ತಿಯ ಸಾಲು, ಸುಮಾರು 550 ಮೀಟರ್ ಎತ್ತರದಲ್ಲಿದೆ. ಸಮುದ್ರಮಟ್ಟದಿಂದಲೇ ಹತ್ತಬೇಕು. ಚಾಮುಂಡಿ ಬೆಟ್ಟದ ಮೆಟ್ಟಿಲನ್ನು ಒಮ್ಮೆ ಪೂರ್ತಿ ಹತ್ತಿ, ಅದರ ಮೇಲೆ ಇನ್ನೊಮ್ಮೆ ಮುಕ್ಕಾಲು ಪಾಲು ಹತ್ತಿದಷ್ಟು ಏರು ಅಂದುಕೊಳ್ಳಿ. ಆರೋಗ್ಯವಾಗಿರುವ ಹದಿನಾರರ ಹುಡುಗನಿಗೆ ಇದು ಒಂದು ದಿನದ ಆಟ. ಮೇಲೆ ನಿಂತರೆ ಎರಡೂ ದೇಶದ ಕರಾವಳಿ ಕಾಣುತ್ತದೆ.

ಇದೇ ಭಾಗದಲ್ಲಿ ಎರಡು ವರ್ಷದೊಳಗೆ ಜನ ಎರಡು ಸಲ ಓಡಿದರು. ಮೊದಲ ಸಲ ಸ್ಪೇನಿನಿಂದ ಫ್ರಾನ್ಸಿಗೆ. ಎರಡನೇ ಸಲ ಫ್ರಾನ್ಸಿನಿಂದ ಸ್ಪೇನಿಗೆ. ಪುಸ್ತಕದಲ್ಲಿ ಇವೆರಡೂ ಬೇರೆ ಬೇರೆ ಅಧ್ಯಾಯಗಳಲ್ಲಿ ಬರುತ್ತವೆ. ಒಂದು ಸ್ಪೇನಿನ ಅಂತರ್ಯುದ್ಧ, ಇನ್ನೊಂದು ಎರಡನೇ ಮಹಾಯುದ್ಧ. ಬೆಟ್ಟದ ಮೇಲೆ ಎರಡೂ ಒಂದೇ ಕಾಲುದಾರಿಯಲ್ಲಿ ಸಿಗುತ್ತವೆ. ಈ ಪಾಠದ ಜೀವಾಳ ಇರುವುದು ಇಲ್ಲೇ ಅಂತ ನನ್ನ ಅನಿಸಿಕೆ.

1939: ಸ್ಪೇನಿನಿಂದ ಉತ್ತರಕ್ಕೆ

1936ರಲ್ಲಿ ಸ್ಪೇನಿನಲ್ಲಿ ಚುನಾವಣೆಯಲ್ಲಿ ಗೆದ್ದ ಗಣರಾಜ್ಯ ಸರ್ಕಾರ ಇತ್ತು. ಆ ವರ್ಷ ಜುಲೈನಲ್ಲಿ ಸೇನೆಯ ಕೆಲವು ಜನರಲ್‌ಗಳು ಅದರ ವಿರುದ್ಧ ದಂಗೆ ಎದ್ದರು. ಅವರ ನಾಯಕನಾಗಿ ಮೇಲೆ ಬಂದವನು ಫ್ರಾಂಕೊ. ಹಿಟ್ಲರನ ಜರ್ಮನಿ ಮತ್ತು ಮುಸೊಲಿನಿಯ ಇಟಲಿ ಅವನಿಗೆ ವಿಮಾನ, ಸೈನಿಕರನ್ನು ಕೊಟ್ಟವು. ಗಣರಾಜ್ಯಕ್ಕೆ ಸೋವಿಯತ್ ಒಕ್ಕೂಟ ಶಸ್ತ್ರಾಸ್ತ್ರ ಕೊಟ್ಟಿತು. ಬ್ರಿಟನ್ ಮತ್ತು ಫ್ರಾನ್ಸ್ ಈ ಜಗಳಕ್ಕೆ ಕೈ ಹಾಕುವುದಿಲ್ಲ ಅಂತ ದೂರ ಉಳಿದವು. ಸುಮಾರು ಮೂರು ವರ್ಷ ಯುದ್ಧ ನಡೆಯಿತು.

1939ರ ಜನವರಿ 26ರಂದು ಬಾರ್ಸಿಲೋನಾ ಫ್ರಾಂಕೊ ಕೈಗೆ ಬಿತ್ತು. ಅಲ್ಲಿಂದ ಗಡಿಯವರೆಗೆ ಜನರ ಸಾಲು. ಚಳಿಗಾಲ, ಮಳೆ, ಮೇಲೆ ಬಾಂಬ್ ಹಾಕುವ ವಿಮಾನ. ಫ್ರಾನ್ಸ್ ಮೊದಲು ಗಡಿ ಮುಚ್ಚಿತ್ತು. ಜನವರಿ 28ರಂದು ಹೆಂಗಸರು, ಮಕ್ಕಳು, ಮುದುಕರಿಗೆ ತೆರೆಯಿತು. ಫೆಬ್ರುವರಿ 5ರಿಂದ ಸೈನಿಕರನ್ನೂ ಬಿಟ್ಟಿತು, ಬಂದೂಕು ಗಡಿಯಲ್ಲೇ ಇಟ್ಟು ಬರಬೇಕು ಎಂಬ ಷರತ್ತಿನ ಮೇಲೆ. ಕೆಲವೇ ವಾರಗಳಲ್ಲಿ ಸುಮಾರು 4,75,000 ಜನ ದಾಟಿದರು. ಗಡಿಗೆ ಅಂಟಿಕೊಂಡಿದ್ದ ಆ ಇಡೀ ಫ್ರೆಂಚ್ ಜಿಲ್ಲೆಯ ಜನಸಂಖ್ಯೆಗಿಂತ ಇದು ಜಾಸ್ತಿ. ಸ್ಪೇನಿನವರು ಈ ಘಟನೆಯನ್ನು ರೆತಿರಾದ ಎನ್ನುತ್ತಾರೆ, ಅಂದರೆ ಹಿಮ್ಮೆಟ್ಟುವಿಕೆ.

ದಾಟಿದವರಿಗೆ ಸಿಕ್ಕಿದ್ದು ಸಮುದ್ರದ ಮರಳು. ಆರ್ಜಲೆಸ್, ಸೇಂಟ್ ಸಿಪ್ರಿಯೆನ್ ಎಂಬ ಕಡೆ ಬರಿ ದಡಕ್ಕೆ ಮುಳ್ಳುತಂತಿ ಸುತ್ತಿ ಅದನ್ನೇ ಶಿಬಿರ ಅಂದರು. ಮೊದಲ ದಿನಗಳಲ್ಲಿ ಸೂರು ಇರಲಿಲ್ಲ. ಆ ಕರಾವಳಿಯಲ್ಲಿ ಟ್ರಾಮೊಂಟಾನಾ ಎಂಬ ಉತ್ತರದ ಗಾಳಿ ಬೀಸುತ್ತದೆ, ಚಳಿಗಾಲದಲ್ಲಿ ಅದು ಮೂಳೆಗೆ ತಾಗುತ್ತದೆ. ಜನ ಮರಳಿನಲ್ಲಿ ಗುಂಡಿ ತೋಡಿ, ಕಂಬಳಿ ಹೊದ್ದು ಮಲಗಿದರು. ಈಗ ಅದೇ ಆರ್ಜಲೆಸ್ ಬೇಸಿಗೆ ರಜೆಯ ಬೀಚು. ಮಕ್ಕಳು ಆ ಮರಳಿನ ಮೇಲೆ ನಿಂತು 1939ರ ಫೋಟೋ ಕೈಯಲ್ಲಿ ಹಿಡಿದರೆ, ಹಿಂದಿನ ಬೆಟ್ಟದ ಗೆರೆ ಫೋಟೋದಲ್ಲೂ ಕಣ್ಣೆದುರೂ ಒಂದೇ ಆಗಿರುತ್ತದೆ. ಇದನ್ನು ತರಗತಿಯ ಪರದೆಯ ಮೇಲೆ ತೋರಿಸಲು ಆಗುವುದಿಲ್ಲ.

ಹತ್ತಿರದ ಎಲ್ನ್ ಎಂಬ ಊರಿನಲ್ಲಿ ಎಲಿಜಬೆತ್ ಐಡೆನ್‌ಬೆನ್ಸ್ ಎಂಬ ಸ್ವಿಟ್ಜರ್ಲೆಂಡಿನ ಯುವತಿ ಒಂದು ಹಳೆ ಬಂಗಲೆಯಲ್ಲಿ ಹೆರಿಗೆ ಆಸ್ಪತ್ರೆ ನಡೆಸಿದಳು. ಶಿಬಿರಗಳಲ್ಲಿದ್ದ ಗರ್ಭಿಣಿಯರನ್ನು ಕರೆತಂದು ಹೆರಿಗೆ ಮಾಡಿಸುವುದು ಕೆಲಸ. 1939ರಿಂದ 1944ರವರೆಗೆ ಅಲ್ಲಿ 597 ಮಕ್ಕಳು ಹುಟ್ಟಿದವು. ಮೊದಲು ಸ್ಪೇನಿನ ತಾಯಂದಿರು, ಆಮೇಲೆ ಯಹೂದಿ ತಾಯಂದಿರೂ ಬಂದರು. ಆ ಕಟ್ಟಡ ಈಗ ನೋಡಲು ತೆರೆದಿದೆ.

ಇನ್ನೊಂದು ನಿಲ್ದಾಣ ಕೊಲ್ಯೂರ್. ಸ್ಪೇನಿನ ದೊಡ್ಡ ಕವಿ ಅಂತೋನಿಯೊ ಮಚಾದೊ ತನ್ನ ವಯಸ್ಸಾದ ತಾಯಿಯ ಜೊತೆ ಮಳೆಯಲ್ಲಿ ಗಡಿ ದಾಟಿ ಇಲ್ಲಿಗೆ ಬಂದ. ಪೆಟ್ಟಿಗೆ ದಾರಿಯಲ್ಲೇ ಬಿಟ್ಟುಹೋಗಿತ್ತು. 1939ರ ಫೆಬ್ರುವರಿ 22ರಂದು ತೀರಿಕೊಂಡ. ಮೂರು ದಿನದಲ್ಲಿ ತಾಯಿಯೂ ಹೋದಳು. ಅವನ ಸಮಾಧಿಯ ಬಳಿ ಒಂದು ಅಂಚೆಪೆಟ್ಟಿಗೆ ಇದೆ. ಜನ ಇಂದಿಗೂ ಅವನಿಗೆ ಕಾಗದ ಬರೆದು ಹಾಕುತ್ತಾರೆ, ಶಾಲೆಯ ಮಕ್ಕಳು ಕೂಡ.

1940: ಫ್ರಾನ್ಸಿನಿಂದ ದಕ್ಷಿಣಕ್ಕೆ

ಹಿಟ್ಲರ್ ಅಧಿಕಾರಕ್ಕೆ ಬಂದ 1933ರಿಂದಲೇ ಯಹೂದಿಗಳು, ಎಡಪಂಥೀಯರು, ಬರಹಗಾರರು ಜರ್ಮನಿ ಬಿಟ್ಟು ಫ್ರಾನ್ಸಿಗೆ ಬಂದಿದ್ದರು. 1940ರ ಜೂನಿನಲ್ಲಿ ಫ್ರಾನ್ಸೇ ಸೋತಿತು. ಜೂನ್ 22ರ ಕದನವಿರಾಮ ಒಪ್ಪಂದದ 19ನೇ ಕಲಮಿನಲ್ಲಿ ಒಂದು ಮಾತಿತ್ತು. ಜರ್ಮನಿ ಹೆಸರು ಹೇಳಿ ಕೇಳಿದ ಜರ್ಮನ್ನರನ್ನು ಫ್ರಾನ್ಸ್ ಒಪ್ಪಿಸಬೇಕು. ಅಂದರೆ ಆಶ್ರಯ ಕೊಟ್ಟ ಮನೆಯೇ ಬಲೆಯಾಯಿತು. ಉಳಿದ ದಾರಿ ಒಂದೇ. ಸ್ಪೇನ್ ದಾಟಿ ಪೋರ್ಚುಗಲ್ಲಿನ ಲಿಸ್ಬನ್ ತಲುಪಿ, ಅಲ್ಲಿಂದ ಹಡಗು ಹತ್ತುವುದು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಈ ಕಥೆಯ ಅರ್ಧ ಭಾಗ ಕಾಗದದಲ್ಲಿದೆ.

ಹೊರಡುವವನಿಗೆ ಬೇಕಾದದ್ದು ನಾಲ್ಕು. ಕೊನೆಗೆ ಹೋಗುವ ದೇಶದ, ಉದಾಹರಣೆಗೆ ಅಮೆರಿಕದ, ವೀಸಾ. ಅದನ್ನು ತೋರಿಸಿದರೆ ಪೋರ್ಚುಗಲ್ ಹಾದುಹೋಗುವ ಅನುಮತಿ. ಅದನ್ನು ತೋರಿಸಿದರೆ ಸ್ಪೇನ್ ಹಾದುಹೋಗುವ ಅನುಮತಿ. ಇವೆಲ್ಲದರ ಮೇಲೆ ಫ್ರಾನ್ಸ್ ಬಿಡಲು ಫ್ರಾನ್ಸೇ ಕೊಡಬೇಕಾದ ಅನುಮತಿ. ಒಂದೊಂದಕ್ಕೂ ಬೇರೆ ಬೇರೆ ಅವಧಿ. ಒಂದು ಸಿಗುವಷ್ಟರಲ್ಲಿ ಇನ್ನೊಂದರ ಅವಧಿ ಮುಗಿದಿರುತ್ತಿತ್ತು. ನಾಲ್ಕನೆಯದು ಜರ್ಮನಿಯಿಂದ ಓಡಿಬಂದವರಿಗೆ ಸಿಗುವುದೇ ಕಷ್ಟ. ಅರ್ಜಿ ಹಾಕಿದರೆ ನಾನು ಇಲ್ಲಿದ್ದೇನೆ ಅಂತ ಪೊಲೀಸರಿಗೆ ತಾನೇ ಹೇಳಿದಂತೆ. ಹಾಗಾಗಿ ಮೂರು ಕಾಗದ ಇದ್ದವರೂ ನಾಲ್ಕನೆಯದಿಲ್ಲದೆ ಬೆಟ್ಟ ಹತ್ತಿದರು.

ವಾಲ್ಟರ್ ಬೆಂಜಮಿನ್ ಬರ್ಲಿನ್ನಿನಲ್ಲಿ ಹುಟ್ಟಿದ ಯಹೂದಿ ಚಿಂತಕ. ಇತಿಹಾಸ, ಕಲೆ, ನಗರಜೀವನದ ಬಗ್ಗೆ ಅವನು ಬರೆದದ್ದನ್ನು ನಮ್ಮ ವಿಶ್ವವಿದ್ಯಾಲಯಗಳಲ್ಲೂ ಓದುತ್ತಾರೆ. ಆಗ ವಯಸ್ಸು 48, ಹೃದಯದ ಕಾಯಿಲೆ. ನಾಜಿ ಸರ್ಕಾರ ಅವನ ಪೌರತ್ವ ಕಿತ್ತುಕೊಂಡಿತ್ತು. ಅಮೆರಿಕದ ವೀಸಾ ಕೈಯಲ್ಲಿತ್ತು. ಫ್ರಾನ್ಸ್ ಬಿಡುವ ಅನುಮತಿ ಇರಲಿಲ್ಲ.

1940ರ ಸೆಪ್ಟೆಂಬರ್ ಕೊನೆಯಲ್ಲಿ ಅವನನ್ನು ಬೆಟ್ಟ ದಾಟಿಸಿದವಳು ಲೀಸಾ ಫಿಟ್ಕೊ. ಅವಳೂ ನಾಜಿಗಳಿಂದ ತಪ್ಪಿಸಿಕೊಂಡು ಬಂದವಳೇ. ಕರಾವಳಿಯ ಸುಲಭದ ದಾರಿಗೆ ಕಾವಲು ಬಿದ್ದಿತ್ತು. ಬನ್ಯೂಲ್ಸಿನ ಮೇಯರ್ ವೆನ್ಸಾನ್ ಅಜೆಮಾ ಅವಳಿಗೆ ಮೇಲಿನ ದಾರಿ ಹೇಳಿಕೊಟ್ಟ. ಅದಕ್ಕೆ ಲಿಸ್ಟರ್ ದಾರಿ ಅಂತ ಹೆಸರು. ಲಿಸ್ಟರ್ ಯಾರು? 1939ರಲ್ಲಿ ಸೋತು ಫ್ರಾನ್ಸಿಗೆ ಬಂದ ಸ್ಪೇನ್ ಗಣರಾಜ್ಯದ ಸೇನಾಧಿಕಾರಿ. ಅವನ ಪಡೆ ಉತ್ತರಕ್ಕೆ ಬಂದ ದಾರಿಯಲ್ಲೇ ಈಗ ಇವರು ದಕ್ಷಿಣಕ್ಕೆ ಹೊರಟರು, ಅದೂ ಫ್ರಾಂಕೊ ಆಳುತ್ತಿದ್ದ ಸ್ಪೇನಿಗೆ.

ಮೇಯರ್ ಕೊಟ್ಟ ಸಲಹೆಗಳಲ್ಲಿ ಒಂದು, ನಸುಕಿನಲ್ಲಿ ದ್ರಾಕ್ಷಿ ತೋಟದ ಕೆಲಸಗಾರರ ಜೊತೆ ಬೆರೆತು ಹೊರಡಿ ಎಂಬುದು. ಹಿಂದಿನ ದಿನ ದಾರಿ ನೋಡಿಕೊಂಡು ಬರಲು ಎಲ್ಲರೂ ಸ್ವಲ್ಪ ದೂರ ಹತ್ತಿದರು. ವಾಪಸು ಹೋಗಿ ಮತ್ತೆ ಹತ್ತಲು ತನ್ನ ಹೃದಯ ಒಪ್ಪುವುದಿಲ್ಲ ಅಂತ ಬೆಂಜಮಿನ್ ಆ ರಾತ್ರಿ ಒಬ್ಬನೇ ಬೆಟ್ಟದ ಮೇಲೆ ಉಳಿದ. ಮರುದಿನ ಹತ್ತು ನಿಮಿಷ ನಡೆಯುವುದು, ಒಂದು ನಿಮಿಷ ನಿಲ್ಲುವುದು, ಹೀಗೆ ಲೆಕ್ಕ ಹಾಕಿ ಹತ್ತಿದ. ಕೈಯಲ್ಲಿ ಭಾರದ ಕಪ್ಪು ಚರ್ಮದ ಚೀಲ. ಅದರಲ್ಲಿ ತನ್ನ ಹಸ್ತಪ್ರತಿ ಇದೆ, ಅದು ತನ್ನ ಜೀವಕ್ಕಿಂತ ಮುಖ್ಯ ಅಂದಿದ್ದ. ಬಾಯಾರಿಕೆ ತಾಳಲಾರದೆ ದಾರಿಯ ಹೊಂಡದ ಕೊಳಕು ನೀರು ಕುಡಿದ.

ಬೆಟ್ಟವನ್ನು ಅವನು ಗೆದ್ದ. ಪೋರ್ಟ್‌ಬೌ ತಲುಪಿದ. ಅಲ್ಲಿನ ಗಡಿ ಪೊಲೀಸರು ಫ್ರಾನ್ಸಿನ ಮುದ್ರೆ ಇಲ್ಲದವರನ್ನು ವಾಪಸು ಕಳಿಸಬೇಕೆಂದು ಆದೇಶ ಬಂದಿದೆ ಅಂದರು. ರಾತ್ರಿ ಹೋಟೆಲಿನಲ್ಲಿ ಇರಲು ಬಿಟ್ಟರು. ಅಲ್ಲಿ ಅವನು ಮಾರ್ಫಿನ್ ನುಂಗಿದನೆಂದು ಜೊತೆಗಿದ್ದವರು ಹೇಳಿದ್ದಾರೆ. ದಾಖಲೆಯಲ್ಲಿ ಸಾವಿನ ದಿನ 1940ರ ಸೆಪ್ಟೆಂಬರ್ 26, ಕಾರಣ ಮೆದುಳಿನ ರಕ್ತಸ್ರಾವ. ಅವನ ಜೊತೆ ಬಂದವರನ್ನು ಆಮೇಲೆ ಮುಂದೆ ಬಿಟ್ಟರು. ಎರಡು ವಾರದ ಹಿಂದಷ್ಟೇ 69 ವರ್ಷದ ಕಾದಂಬರಿಕಾರ ಹೈನ್‌ರಿಕ್ ಮಾನ್ ಇದೇ ಗಡಿ ದಾಟಿ ಲಿಸ್ಬನ್ ತಲುಪಿದ್ದ. ಲೀಸಾ ಮತ್ತು ಅವಳ ಗಂಡ ಹಾನ್ಸ್ ಮುಂದಿನ ಸುಮಾರು ಆರು ತಿಂಗಳು ಎಷ್ಟೋ ಜನರನ್ನು ಇದೇ ದಾರಿಯಲ್ಲಿ ದಾಟಿಸಿದರು. ಮಾರ್ಸೇಲಿನಲ್ಲಿ ಕೂತು ಈ ಕೆಲಸಕ್ಕೆ ಹಣ, ಕಾಗದ ಹೊಂದಿಸುತ್ತಿದ್ದವನು ಅಮೆರಿಕದ ಪತ್ರಕರ್ತ ವೇರಿಯನ್ ಫ್ರೈ.

ದಾರಿಯಲ್ಲಿ ಪಾಠ ಹೇಗೆ ನಡೆಯುತ್ತದೆ?

ಸುಮ್ನೆ ನಡೆದರೆ ಅದು ಟ್ರೆಕ್ಕಿಂಗ್ ಅಷ್ಟೇ. ಹೊರಡುವ ಮೊದಲೇ ಮಕ್ಕಳು ಹಿನ್ನೆಲೆ ಓದಿರಬೇಕು. ದಾರಿಯಲ್ಲಿ ನಿಲ್ಲುವ ಕಡೆ ಒಂದೊಂದು ದಾಖಲೆ ಓದಬೇಕು. ಎಲ್ಲಿ ನಿಂತು ಯಾವುದನ್ನು ಓದುತ್ತೇವೆ ಎನ್ನುವುದರಲ್ಲೇ ಶಿಕ್ಷಕರ ಜಾಣ್ಮೆ ಇದೆ. 19ನೇ ಕಲಮನ್ನು ಬನ್ಯೂಲ್ಸಿನ ಬೀದಿಯಲ್ಲಿ ಓದಬಹುದು. ಕಾಗದಗಳ ಸರಪಳಿಯನ್ನು ಗಡಿಯ ಏಣಿನ ಮೇಲೆ ಬಿಡಿಸಬಹುದು. ಅಲ್ಲಿ ಈಗ ಕಾವಲಿಲ್ಲ. 1995ರಲ್ಲಿ ಷೆಂಗೆನ್ ಒಪ್ಪಂದ ಜಾರಿಯಾದ ಮೇಲೆ ಎರಡೂ ದೇಶದ ನಡುವೆ ಮಾಮೂಲಿ ತಪಾಸಣೆ ನಿಂತಿತು.

ಪೋರ್ಟ್‌ಬೌದಲ್ಲಿ ಓದಲು ಎರಡು ಕಾಗದ ಸಾಕು. ಒಂದು ಬೆಂಜಮಿನ್ನನ ಹೋಟೆಲ್ ಬಿಲ್ಲು. ಅದರಲ್ಲಿ ನಿಂಬೆ ಸೋಡಾ, ಫೋನ್ ಕರೆಗಳ ಖರ್ಚು ಬರೆದಿದೆ. ಆ ರಾತ್ರಿ ಅವನು ಯಾರಿಗೋ ಫೋನ್ ಮಾಡಲು ನೋಡಿದ್ದಾನೆ. ಇನ್ನೊಂದು, ಸತ್ತ ಮೇಲೆ ಅಧಿಕಾರಿಗಳು ಬರೆದ ವಸ್ತುಗಳ ಪಟ್ಟಿ. ವ್ಯಾಪಾರಿಗಳು ಹಿಡಿಯುವಂಥ ಚರ್ಮದ ಚೀಲ, ಗಂಡಸರ ಗಡಿಯಾರ, ಪೈಪು, ಆರು ಫೋಟೋ, ಒಂದು ಎಕ್ಸ್‌ರೇ, ಕನ್ನಡಕ, ಪತ್ರಿಕೆಗಳು, ಕಾಗದಗಳು, ಸ್ವಲ್ಪ ಹಣ. ಹಸ್ತಪ್ರತಿ ಸಿಗಲೇ ಇಲ್ಲ. ಬೆಟ್ಟ ಇಳಿದು ಮಂಡಿ ನೋಯುತ್ತಿರುವ ಹುಡುಗಿಗೆ ಆ ಎಕ್ಸ್‌ರೇ ಯಾಕೆ ಚೀಲದಲ್ಲಿತ್ತು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಅವನ ಹೆಸರನ್ನು ಹಿಂದುಮುಂದು ಮಾಡಿ 'ಬೆಂಜಮಿನ್ ವಾಲ್ಟರ್' ಅಂತ ದಾಖಲಿಸಿ, ಕ್ಯಾಥೊಲಿಕ್ ಸ್ಮಶಾನದಲ್ಲಿ ಹೂಳಿದರು. ಸಮಾಧಿಯ ಗೂಡಿಗೆ ಐದು ವರ್ಷದ ಬಾಡಿಗೆ ಕಟ್ಟಲಾಗಿತ್ತು. ಅವಧಿ ಮುಗಿದ ಮೇಲೆ ಮೂಳೆಗಳು ಸಾಮೂಹಿಕ ಗುಂಡಿಗೆ ಹೋದವು. ಕೆಲವು ತಿಂಗಳ ನಂತರ ಇದೇ ಗಡಿ ದಾಟಿದ ಅವನ ಗೆಳತಿ, ಚಿಂತಕಿ ಹನ್ನಾ ಅರೆಂಟ್ ಸಮಾಧಿ ಹುಡುಕಿದಳು, ಸಿಗಲಿಲ್ಲ. 1994ರಲ್ಲಿ ಇಸ್ರೇಲಿನ ಕಲಾವಿದ ಡಾನಿ ಕರವಾನ್ ಸ್ಮಶಾನದ ಹೊರಗೆ ಸ್ಮಾರಕ ಕಟ್ಟಿದ. ಬಂಡೆಯೊಳಗಿಂದ ಸಮುದ್ರದ ಕಡೆ ಇಳಿಯುವ ತುಕ್ಕುಬಣ್ಣದ ಉಕ್ಕಿನ ಓಣಿ ಅದು. ಮೆಟ್ಟಿಲು ಇಳಿಯುತ್ತಾ ಹೋದರೆ ಗಾಜಿನ ಗೋಡೆ ತಡೆಯುತ್ತದೆ. ಹೆಸರಾಂತರಿಗಿಂತ ಹೆಸರಿಲ್ಲದವರ ನೆನಪನ್ನು ಗೌರವಿಸುವುದು ಕಷ್ಟ ಎಂಬ ಬೆಂಜಮಿನ್ನನ ಮಾತನ್ನು ಆ ಗಾಜಿನ ಮೇಲೆ ಬರೆದಿದ್ದಾರೆ.

ಎರಡು ಓಟಗಳನ್ನು ಜೋಡಿಸುವ ಇನ್ನೊಂದು ಕೊಂಡಿ ಶಿಬಿರಗಳು. ಪಿರೆನೀಸಿನ ಪಶ್ಚಿಮ ಭಾಗದ ಗುರ್ಸ್ ಶಿಬಿರ ಕಟ್ಟಿದ್ದು 1939ರಲ್ಲಿ ಸ್ಪೇನಿನವರಿಗಾಗಿ. ಮರುವರ್ಷ ಅಕ್ಟೋಬರಿನಲ್ಲಿ ನೈಋತ್ಯ ಜರ್ಮನಿಯಿಂದ 6,500ಕ್ಕೂ ಹೆಚ್ಚು ಯಹೂದಿಗಳನ್ನು ತಂದು ಅಲ್ಲೇ ಇಳಿಸಿದರು. ಬನ್ಯೂಲ್ಸಿಗೆ ಹತ್ತಿರದ ರಿವ್ಸಾಲ್ಟ್ ಶಿಬಿರದಲ್ಲೂ ಸ್ಪೇನಿನವರು, ಯಹೂದಿಗಳು, ಅಲೆಮಾರಿ ರೋಮಾ ಜನ ಇದ್ದರು. 1942ರಲ್ಲಿ ಅಲ್ಲಿಂದ ಸುಮಾರು 2,300 ಯಹೂದಿಗಳನ್ನು ನಾಜಿಗಳ ಕೊಲೆ ಶಿಬಿರವಾದ ಆಶ್ವಿಟ್ಸ್‌ಗೆ ಸಾಗಿಸಿದರು. 2015ರಿಂದ ಅಲ್ಲಿ ಸ್ಮಾರಕ ವಸ್ತುಸಂಗ್ರಹಾಲಯ ಇದೆ. ಸ್ಪೇನಿನ ಲಾ ಜೊಂಕೆರಾ ಊರಿನಲ್ಲಿ ದೇಶ ತೊರೆದವರ ಕಥೆಗೇ ಮೀಸಲಾದ ಇನ್ನೊಂದು ಸಂಗ್ರಹಾಲಯ ಇದೆ. ನಡಿಗೆಗೆ ಇವೆರಡರಲ್ಲಿ ಒಂದನ್ನಾದರೂ ಸೇರಿಸದಿದ್ದರೆ ಪಾಠ ಅರ್ಧಕ್ಕೆ ನಿಲ್ಲುತ್ತದೆ.

ಬೇರೆ ಬೆಟ್ಟ, ಬೇರೆ ಪಾಠ

ಆಸ್ಟ್ರಿಯಾದ ಕ್ರಿಮ್ಲ್ ಎಂಬ ಹಳ್ಳಿಯಿಂದ ಇಟಲಿಗೆ ಹೋಗುವ 2,634 ಮೀಟರ್ ಎತ್ತರದ ಕಣಿವೆದಾರಿಯದ್ದು ಬೇರೆ ಕಥೆ. 1947ರ ಬೇಸಿಗೆಯಲ್ಲಿ ಸುಮಾರು 5,000 ಯಹೂದಿಗಳು ಮಕ್ಕಳನ್ನು ಎತ್ತಿಕೊಂಡು ರಾತ್ರಿಯಲ್ಲಿ ಅದನ್ನು ದಾಟಿದರು. ಯುದ್ಧ ಮುಗಿದು ಎರಡು ವರ್ಷ ಆಗಿತ್ತಲ್ಲ, ಮತ್ತೆ ಯಾಕೆ ಓಡಿದರು? ಬದುಕಿ ಉಳಿದವರಿಗೆ ಹಳೆ ಊರಿನಲ್ಲಿ ಜಾಗ ಇರಲಿಲ್ಲ. 1946ರ ಜುಲೈನಲ್ಲಿ ಪೋಲೆಂಡಿನ ಕೀಲ್ಚೆ ಪಟ್ಟಣದಲ್ಲಿ ಗುಂಪು ದಾಳಿ ಮಾಡಿ 42 ಯಹೂದಿಗಳನ್ನು ಕೊಂದಿತ್ತು. ಜನ ಇಟಲಿಯ ಬಂದರು ತಲುಪಿ ಪ್ಯಾಲೆಸ್ತೈನಿಗೆ ಹೋಗಲು ಹೊರಟರು.

ಅಷ್ಟು ಕಷ್ಟದ ದಾರಿಯನ್ನೇ ಯಾಕೆ ಹಿಡಿದರು? ನಕ್ಷೆ ತೆರೆದರೆ ಉತ್ತರ ಸಿಗುತ್ತದೆ. ಯುದ್ಧದ ನಂತರ ಗೆದ್ದ ದೇಶಗಳು ಆಸ್ಟ್ರಿಯಾವನ್ನು ಹಂಚಿಕೊಂಡಿದ್ದವು. ಪ್ಯಾಲೆಸ್ತೈನ್ ಬ್ರಿಟಿಷರ ಆಳ್ವಿಕೆಯಲ್ಲಿತ್ತು, ಅವರಿಗೆ ಈ ವಲಸೆ ಬೇಡವಾಗಿತ್ತು. ಅವರ ಮತ್ತು ಫ್ರೆಂಚರ ವಲಯಗಳಲ್ಲಿ ದಾರಿ ಮುಚ್ಚಿತ್ತು. ಅಮೆರಿಕನ್ನರ ವಲಯ ಇಟಲಿಗೆ ತಾಗುವುದು ಕ್ರಿಮ್ಲ್ ಬಳಿ ಕೆಲವೇ ಕಿಲೋಮೀಟರ್ ಉದ್ದಕ್ಕೆ, ಅದೂ ಎತ್ತರದ ಪರ್ವತದ ಮೇಲೆ. 2007ರಿಂದ ಪ್ರತಿ ಬೇಸಿಗೆ ಅಲ್ಲಿ ನೆನಪಿನ ನಡಿಗೆ ನಡೆಯುತ್ತದೆ.

ಇನ್ನೂ ಹಳೆಯದು ಹ್ಯೂಗೆನಾಟರ ದಾರಿ. ಫ್ರಾನ್ಸಿನ ಪ್ರಾಟೆಸ್ಟೆಂಟ್ ಕ್ರೈಸ್ತರಿಗೆ ಹ್ಯೂಗೆನಾಟರು ಅಂತ ಹೆಸರು. 1598ರಲ್ಲಿ ಅವರಿಗೆ ಸಿಕ್ಕಿದ್ದ ಧಾರ್ಮಿಕ ಹಕ್ಕನ್ನು 1685ರಲ್ಲಿ ದೊರೆ ಹದಿನಾಲ್ಕನೇ ಲೂಯಿ ರದ್ದು ಮಾಡಿದ. ದೇಶ ಬಿಡುವುದೂ ಅಪರಾಧ. ಸಿಕ್ಕಿಬಿದ್ದ ಗಂಡಸರನ್ನು ಹಡಗಿನ ಹುಟ್ಟು ಹಾಕಲು ಕಳಿಸುತ್ತಿದ್ದರು. ಆದರೂ ಒಂದೂವರೆಯಿಂದ ಎರಡು ಲಕ್ಷ ಜನ ಹೊರಗೆ ಹೋದರು. ದಕ್ಷಿಣ ಫ್ರಾನ್ಸಿನ ಪೊಯೆ ಲಾವಲ್‌ನಿಂದ ಜಿನೀವಾ ಮೂಲಕ ಜರ್ಮನಿಯ ಬಾಡ್ ಕಾರ್ಲ್ಸ್‌ಹಾಫೆನ್‌ವರೆಗೆ ಈಗ ಗುರುತು ಹಾಕಿದ ದಾರಿ ಇದೆ. ಇಲ್ಲಿ ಮಕ್ಕಳು ಮುಖ್ಯವಾಗಿ ನೋಡುವುದು ಬಂದವರಿಂದ ಊರು ಹೇಗೆ ಬದಲಾಯಿತು ಎಂಬುದನ್ನು. ಬಾಡ್ ಕಾರ್ಲ್ಸ್‌ಹಾಫೆನ್ ಊರನ್ನು 1699ರಲ್ಲಿ ಕಟ್ಟಿದ್ದೇ ಇವರು ನೆಲೆಸಲಿ ಅಂತ.

ನಡಿಗೆಯಿಂದ ಬಾರದ್ದು

ಕೆಲವು ಶಿಕ್ಷಕರಿಗೆ ಮಕ್ಕಳಿಂದ ನಿರಾಶ್ರಿತರ ಪಾತ್ರ ಮಾಡಿಸುವ ಆಸೆ ಬರುತ್ತದೆ. ಇದು ಬೇಡ ಅನ್ನುವವರ ಕಡೆ ನಾನಿದ್ದೇನೆ. ಒಳ್ಳೆ ಬೂಟು, ಚೀಲದಲ್ಲಿ ಊಟ, ಸಂಜೆಗೆ ಬಿಸಿನೀರಿನ ಸ್ನಾನ ಇರುವವರಿಗೆ ಆ ಭಯ ಬರುವುದಿಲ್ಲ, ಬಂದಂತೆ ಆಡಿಸುವುದೂ ಸರಿಯಲ್ಲ. ನಡಿಗೆ ಕೊಡುವುದು ದೂರ, ಏರು, ಬಿಸಿಲು, ಸಮಯದ ಅಂದಾಜು. ಹತ್ತು ನಿಮಿಷಕ್ಕೊಮ್ಮೆ ನಿಂತರೆ ಈ ದಾರಿಗೆ ಎಷ್ಟು ಹೊತ್ತು ಬೇಕು ಅನ್ನುವುದು ಕಾಲಿಗೆ ಗೊತ್ತಾಗುತ್ತದೆ. ಉಳಿದದ್ದನ್ನು ದಾಖಲೆಗಳಿಂದಲೇ ತಿಳಿಯಬೇಕು. ಬೆಂಜಮಿನ್ನನನ್ನು ತಡೆದದ್ದು ಬೆಟ್ಟ ಅಲ್ಲ, ಒಂದು ಮುದ್ರೆ. ಆ ಮುದ್ರೆ ಎಲ್ಲಿಂದ ಬರಬೇಕಿತ್ತು, ಯಾಕೆ ಬರಲಿಲ್ಲ ಎನ್ನುವುದು ಎಷ್ಟು ನಡೆದರೂ ತಿಳಿಯುವುದಿಲ್ಲ.

ಈ ವಿಷಯದಲ್ಲಿ ನಮ್ಮ ಕಡೆಯಿಂದ ಹೋದ ವಿದ್ಯಾರ್ಥಿಗಳಿಗೆ ಒಂದು ಅನುಕೂಲ ಇದೆ. ಯುರೋಪಿನ ಪಾಸ್‌ಪೋರ್ಟ್ ಇರುವ ಸಹಪಾಠಿಗೆ ವೀಸಾ ಎಂಬುದು ಬಹುಪಾಲು ಪುಸ್ತಕದ ಮಾತು. ನಮ್ಮವರು ಬ್ಯಾಂಕ್ ಪತ್ರ, ಪ್ರವೇಶ ಪತ್ರ, ವಿಮೆ ಎಲ್ಲ ಜೋಡಿಸಿದ ಫೈಲು ಹಿಡಿದು ಬೆಂಗಳೂರಿನ ವೀಸಾ ಕೇಂದ್ರದಲ್ಲಿ ಕೂತು ಬಂದವರು. ಒಂದು ಕಾಗದದ ದಿನಾಂಕ ತಪ್ಪಿದರೆ ಉಳಿದವೂ ಬಿದ್ದುಹೋಗುತ್ತವೆ ಅಂತ ಅವರಿಗೆ ಗೊತ್ತು. ಎರಡೂ ಪರಿಸ್ಥಿತಿ ಒಂದೇ ಅಂತ ಅಲ್ಲ, ಖಂಡಿತ ಅಲ್ಲ. ಆದರೆ ಕಾಗದಗಳ ಸರಪಳಿ ಬಿಡಿಸುವಾಗ ಅವರು ಬೇಗ ಹಿಡಿಯುತ್ತಾರೆ, ಗುಂಪಿನಲ್ಲಿ ಬಾಯಿ ಬಿಟ್ಟು ಹೇಳಲೂಬಹುದು. ಅಂದಹಾಗೆ, ಏಣಿನ ಮೇಲೆ ಕಾವಲಿಲ್ಲ ನಿಜ, ರೈಲಿನಲ್ಲಿ ಮತ್ತು ರಸ್ತೆಯಲ್ಲಿ ಫ್ರೆಂಚ್ ಪೊಲೀಸರು ತಪಾಸಣೆ ಮಾಡುವುದುಂಟು. ಭಾರತದ ಪಾಸ್‌ಪೋರ್ಟ್ ಇರುವವರು ಅದನ್ನೂ ವಾಸದ ಪರವಾನಗಿಯನ್ನೂ ಜೊತೆಗೇ ಇಟ್ಟುಕೊಳ್ಳಬೇಕು.

ತಾವೇ ನಡೆಯಬೇಕು ಅನ್ನುವವರಿಗೆ ಏಪ್ರಿಲ್, ಮೇ ಅಥವಾ ಸೆಪ್ಟೆಂಬರ್, ಅಕ್ಟೋಬರ್ ಒಳ್ಳೆಯ ಸಮಯ. ನಡು ಬೇಸಿಗೆಯಲ್ಲಿ ಬಿಸಿಲು ವಿಪರೀತ, ಕಾಡ್ಗಿಚ್ಚಿನ ಅಪಾಯ ಇದ್ದ ದಿನ ದಾರಿ ಮುಚ್ಚಿರಲೂಬಹುದು. ಟ್ರಾಮೊಂಟಾನಾ ಜೋರಾಗಿ ಬೀಸುವ ದಿನ ಏಣಿನ ಮೇಲೆ ನಿಲ್ಲುವುದು ಕಷ್ಟ. ದಾರಿಯಲ್ಲಿ ಅಂಗಡಿ ಇಲ್ಲ, ನೀರು ಬನ್ಯೂಲ್ಸಿನಲ್ಲೇ ತುಂಬಿಸಿಕೊಳ್ಳಿ. ಪೋರ್ಟ್‌ಬೌದಿಂದ ವಾಪಸು ಬರಲು ರೈಲಿದೆ. ಗಡಿಯ ಸುರಂಗ ದಾಟಿ ಫ್ರಾನ್ಸಿನ ಮೊದಲ ನಿಲ್ದಾಣ ಸೆರ್ಬೇರ್ ಸೇರಲು ಕೆಲವೇ ನಿಮಿಷ ಸಾಕು.